ಆರನೆಯ ಸರ್ಟಿಫಿಕೇಟು ಸಮುದ್ರದ ತಳದಲ್ಲಿತ್ತು

“ಆಗಂಗಿಲ್ಲ ಬಿಡು,” ಅಂದಳು ನಮ್ಮ ನೀಲವ್ವತ್ತಿ.

ನೀಲವ್ವತ್ತಿ ಅಂದರೆ ನಮ್ಮಪ್ಪನ ಅಕ್ಕ. ಅವ್ವ ಇಲ್ಲದ ನನ್ನನ್ನು ಕೂಲಿ ಮಾಡಿ ಬೆಳೆಸಿದವಳು. ನನ್ನ ಬಾಳಿನ ಎಲ್ಲ ದೊಡ್ಡ ಕೆಲಸಗಳನ್ನೂ ‘ಆಗಂಗಿಲ್ಲ’ ಎಂಬ ಒಂದೇ ಮಾತಿನಿಂದ ಉದ್ಘಾಟನೆ ಮಾಡಿದವಳು. ಹತ್ತನೇತ್ತ ಪಾಸಾಗೂದು ಆಗಂಗಿಲ್ಲ ಅಂದಳು, ಆಯಿತು. ಪಿ.ಯು.ಸಿ. ಆಗಂಗಿಲ್ಲ ಅಂದಳು, ಅದೂ ಆಯಿತು. ಆಲಮೇಲದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಸಿಂದಗಿ ಕಾಲೇಜಿಗೆ ಹೋಗಿ ಬಂದು ನಾನು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಅದಕ್ಕೂ ಮುಂಚೆ ಕಾಲೇಜಿನ ಕಟ್ಟೆ ಹತ್ತಿದವನು ನಮ್ಮಪ್ಪ ಒಬ್ಬನೇ. ಅವನು ಸಿಂದಗಿಯಲ್ಲಿ ಹಮಾಲಿ. ಕಾಲೇಜಿಗೆ ಬೆಂಚು ಇಳಿಸಲು ಹೋಗಿದ್ದ.

ಪ್ರತಿ ಸರ್ಟಿಫಿಕೇಟು ಬಂದಾಗಲೂ ನಾನು ಅದನ್ನು ಅತ್ತಿಯ ಕೈಗೆ ಕೊಡುತ್ತಿದ್ದೆ. ಅವಳಿಗೆ ಓದಲು ಬರುವುದಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ಹಿಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಶಿಕ್ಕಾ ಎಲ್ಲೈತಿ?”

ದುಂಡಗಿನ ಮುದ್ರೆಯ ಮೇಲೆ ಹೆಬ್ಬೆರಳಾಡಿಸಿ, ಅದು ಇದೆ ಅಂತ ಖಾತ್ರಿಯಾದ ಮೇಲೆಯೇ ನಾನು ಪಾಸು! ಬಿ.ಎ. ಸರ್ಟಿಫಿಕೇಟಿಗಂತೂ ಅವಳು ಬಡಿಗೇರನ ಹತ್ತಿರ ಹೋಗಿ, ತಲಬಾಗಿಲಿಗೆ ಹೊಡೆಯುವಂಥ ದೊಡ್ಡ ಮೊಳೆ ಕೇಳಿ ತಂದು, ತಾನೇ ಗುಂಡಕಲ್ಲಿನಿಂದ ಗೋಡೆಗೆ ಬಡಿದಳು. ಆಮೇಲೆ ಎರಡು ಮನೆ ಬದಲಾದವು. ಆ ಮೊಳೆಯನ್ನು ಕಿತ್ತು, ನೆಟ್ಟಗೆ ಮಾಡಿ, ಜೊತೆಗೆ ಒಯ್ಯದೆ ಅತ್ತಿ ಮನೆ ಬಿಟ್ಟಿಲ್ಲ.

ಈಗ ಮುದ್ದೇಬಿಹಾಳದಲ್ಲಿ ನಾನು ಹೈಸ್ಕೂಲ್ ಮಾಸ್ತರ. ಪಡಸಾಲೆಯ ಗೋಡೆಯ ಮೇಲೆ ನನ್ನ ಐದು ಸರ್ಟಿಫಿಕೇಟು. ನಾಲ್ಕು ಓದಿದ್ದು. ಐದನೆಯದು ಭಾಷಣ ಸ್ಪರ್ಧೆಯ ಸಮಾಧಾನಕರ ಬಹುಮಾನ. ಆ ಸ್ಪರ್ಧೆಗೆ ಎಷ್ಟು ಜನ ಬಂದಿದ್ದರು ಅಂತ ದಯವಿಟ್ಟು ಯಾರೂ ಕೇಳಬೇಡಿ. ಈ ಐದಕ್ಕೂ ಪ್ರತಿ ಸೋಮವಾರ ಧೂಳು ಒರೆಸುವವಳು ನನ್ನ ಹೆಂಡತಿ ಸಾವಿತ್ರಿ. ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದವಳು. ಹತ್ತನೇತ್ತ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿತ್ತು; ಅದೇ ವಾರ ನಮ್ಮ ಮದುವೆಯೂ ಬಂತು. ಗೋಡೆಯ ಮೇಲೆ ಅವಳ ಹೆಸರಿನ ಹಾಳೆ ಒಂದೂ ಇಲ್ಲ.

ಇದೆಲ್ಲ ಶುರುವಾಗಿದ್ದು ಅವಳ ಒಂದು ಪ್ರಶ್ನೆಯಿಂದ. ನಾನು ಸಮಾಜ ವಿಜ್ಞಾನದ ಮಾಸ್ತರ. ನಕಾಶೆಯ ನೀಲಿ ಭಾಗಕ್ಕೆ ಕೋಲು ಹಚ್ಚಿ ‘ಇದು ಅರಬ್ಬೀ ಸಮುದ್ರ’ ಅಂತ ವರ್ಷಾನುಗಟ್ಟಲೆ ಪಾಠ ಮಾಡಿದವನು. ಒಂದು ಸಂಜೆ ಶೇಂಗಾ ಸುಲಿಯುತ್ತ ಸಾವಿತ್ರಿ ಕೇಳಿದಳು, “ರೀ, ಸಮುದ್ರದ ನೀರು ಖರೇನ ಉಪ್ಪಿರ್ತೈತೇನ್ರಿ?”

“ಪುಸ್ತಕದಾಗ ಐತಲ್ಲ!”

“ಪುಸ್ತಕದಾಗಿಂದಲ್ರಿ. ನೀವು ನೆಕ್ಕಿ ನೋಡೀರೇನು?”

ನಾನು ನೆಕ್ಕಿರಲಿಲ್ಲ. ನೋಡಿಯೇ ಇರಲಿಲ್ಲ! ನನ್ನ ಪದವಿಗೆ ಭಾರಿ ಪೆಟ್ಟಾಯಿತು. ಮರುದಿನವೇ ಮೊಬೈಲಿನಲ್ಲಿ ಹುಡುಕಿ ದಸರಾ ರಜೆಗೆ ಮುರುಡೇಶ್ವರದ ಜೋಡಿ ಪ್ರವಾಸ ಗೊತ್ತುಮಾಡಿದೆ. ಮೊದಲ ದಿನ ಛತ್ರಿ ಕಟ್ಟಿಕೊಂಡು ಗಾಳಿಯಲ್ಲಿ ಹಾರುವುದು. ಎರಡನೆಯ ದಿನ ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದ ತಳಕ್ಕಿಳಿದು ಮೀನು ನೋಡುವುದು. ತಳ ಮುಟ್ಟಿ ಪೂರ್ತಿ ಹೊತ್ತು ಇದ್ದು ಬಂದವರಿಗೆ ಸರ್ಟಿಫಿಕೇಟು!

ಕೊನೆಯ ಮಾತು ಓದಿದಾಗ ಸಾವಿತ್ರಿಯ ಕೈಯಲ್ಲಿದ್ದ ಶೇಂಗಾ ಹಾಗೇ ನಿಂತಿತು.

“ಇಬ್ಬರಿಗೂ ಕೊಡ್ತಾರೇನ್ರಿ?”

“ಇಬ್ಬರಿಗೂ.”

“ಬ್ಯಾರೆ ಬ್ಯಾರೆ? ನನ್ನ ಹೆಸರೀಲೆ ಬ್ಯಾರೆ?”

“ಬ್ಯಾರೆ ಬ್ಯಾರೆ!”

ರೊಟ್ಟಿ ತಟ್ಟುವಾಗ ಒಮ್ಮೆ, ಮಲಗುವ ಮುಂದೆ ಒಮ್ಮೆ, ಮತ್ತೆ ಕೇಳಿದಳು. ನನಗೆ ಇನ್ನೊಂದು ಹಾಳೆಯ ಆಸೆ. ಅವಳಿಗೆ ಒಂದರ ಆಸೆ. ಈ ಎರಡಕ್ಕೂ ಎಷ್ಟು ಅಂತರ ಎಂಬುದು ಆಗ ನನ್ನ ಬಿ.ಎ., ಬಿ.ಇಡ್. ತಲೆಗೆ ಹೊಳೆಯಲಿಲ್ಲ.

ನೀಲವ್ವತ್ತಿಗೆ ಹೇಳಿದಾಗ ಅವಳು ಆಡಿದ್ದೇ ಈ ಕಥೆಯ ಮೊದಲ ಮಾತು. “ಆಗಂಗಿಲ್ಲ ಬಿಡು. ಬಾವ್ಯಾಗ ಬಗ್ಗಿ ನೋಡಿದ್ರ ತಲಿ ತಿರಗ್ತೈತಿ ಅಂತಿ. ನೀ ಸಮುದ್ರಕ್ಕ ಇಳೀತಿ?”

“ಸರ್ಟಿಫಿಕೇಟ್ ತಂದು ನಿನ್ನ ಕೈಯಾಗ ಇಡ್ತೇನಿ, ನೋಡ್ತಿರು!”

“ಶಿಕ್ಕಾ ಇರ್ಬೇಕು ಮತ್ತ,” ಅಂದಳು ಅತ್ತಿ.

ತಯಾರಿಯಿಲ್ಲದೆ ಪರೀಕ್ಷೆಗೆ ಕೂತವನಲ್ಲ ನಾನು. ನೀರಿನೊಳಗೆ ಬಾಯಿಯಿಂದಲೇ ಉಸಿರಾಡಬೇಕು, ಗಾಳಿಯ ಕೊಳವೆ ಬಾಯಿಂದ ಬಿಡಬಾರದು ಅಂತ ಓದಿಕೊಂಡಿದ್ದೆ. ಹಿತ್ತಲಲ್ಲಿ ನೀರು ತುಂಬಿಡುವ ನೀಲಿ ಡ್ರಮ್ಮು ಇತ್ತು. ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಂಡು, ಬಾಯಲ್ಲಿ ಒಂದು ಪ್ಲಾಸ್ಟಿಕ್ ಪೈಪು ಕಚ್ಚಿ, ಅದರ ಇನ್ನೊಂದು ತುದಿಯನ್ನು ಹೊರಗೆ ಹಿಡಿದು, ಡ್ರಮ್ಮಿನಲ್ಲಿ ತಲೆ ಮುಳುಗಿಸಿದೆ. ಯೋಜನೆ ವೈಜ್ಞಾನಿಕವಾಗಿತ್ತು. ಪೈಪು ಮಾತ್ರ ಸೀಮೆಎಣ್ಣೆ ಎಳೆಯುವುದಾಗಿತ್ತು!

ವಾಸನೆ ಬಾಯಿಗೆ ಬಡಿದದ್ದೇ ತಡ, ಡ್ರಮ್ಮಿನೊಳಗೇ ಕೆಮ್ಮಿದೆ. ಕಾಲು ಜಾರಿತು. ಸೊಂಟದವರೆಗೆ ಒಳಗೆ ಹೋದೆ. ಹಿತ್ತಲಿಗೆ ಬಂದ ನೀಲವ್ವತ್ತಿಗೆ ಕಂಡದ್ದು ಡ್ರಮ್ಮಿನಿಂದ ಮೇಲೆದ್ದ ನನ್ನ ಎರಡು ಕಾಲು.

“ಯವ್ವಾ! ಮಲ್ಲ್ಯಾ ಡ್ರಮ್ಮಿನ್ಯಾಗ ಬಿದ್ದು ಸಾಯಾಕತ್ತಾನ! ಬರ್ರೋ!”

ಅರ್ಧ ಓಣಿ ಬಂತು. ನನ್ನನ್ನು ಕಾಲು ಹಿಡಿದು ಎಳೆದರು. ಮೂಗಿನ ಮೇಲೆ ಕ್ಲಿಪ್ಪು ನೋಡಿ ಎಲ್ಲರೂ ಸ್ವಲ್ಪ ಹಿಂದೆ ಸರಿದರು. ಸಾವಿತ್ರಿ ಹೇಗೋ ಸಮಾಧಾನ ಹೇಳಿದಳು, “ಏನಿಲ್ರಿ, ಮಾಸ್ತರ್ರು ಸಮುದ್ರದ ಅಭ್ಯಾಸ ಮಾಡಾಕತ್ತಿದ್ರು.” ಮುದ್ದೇಬಿಹಾಳದಲ್ಲಿ ನಿಂತು ಈ ಮಾತು ಆಡಿದರೆ ಯಾರಿಗೆ ಸಮಾಧಾನವಾದೀತು? ಅತ್ತಿಗಂತೂ ನಾನು ಬದುಕಿದ್ದಕ್ಕಿಂತ ವಾರದ ನೀರಿಗೆ ಸೀಮೆಎಣ್ಣೆ ಬಿದ್ದದ್ದೇ ದೊಡ್ಡದಾಯಿತು.

ಇಷ್ಟಾದರೂ ನನಗೆ ಚಿಂತೆ ಇದ್ದದ್ದು ಸಾವಿತ್ರಿಯದು. ಅವಳು ಎಮ್ಮೆಯ ಜೊತೆಗೂ ಅರ್ಧ ತಾಸು ಮಾತಾಡುವವಳು. “ನೋಡು ಸಾವಿತ್ರಿ,” ಅಂತ ಬಸ್ಸಿನುದ್ದಕ್ಕೂ ಪಾಠ ಮಾಡಿದೆ. “ನೀರಾಗ ಬಾಯಿ ತಗೀಬಾರದು. ಮೀನು ಕಂಡಿತು ಅಂತ ‘ರೀ ನೋಡ್ರಿ’ ಅನ್ನಂಗಿಲ್ಲ. ನಿನ್ನ ಕೈಲೆ ಆಗ್ತೈತೇನು?”

“ನೀವು ನನ್ನ ಚಿಂತಿ ಬಿಡ್ರಿ. ನಿಮ್ಮ ಬಾಯಿ ನೋಡ್ಕೋರಿ,” ಅಂದು ಸಜ್ಜೆ ರೊಟ್ಟಿಯ ಬುತ್ತಿ ಬಿಚ್ಚಿದಳು.

ಇಲ್ಲಿ ನನ್ನ ಬಾಯಿಯ ವಿಷಯ ಒಂದು ಹೇಳಲೇಬೇಕು. ನಾನು ಬಿ.ಎ. ಪಾಸಾದ ದಿನ ಅತ್ತಿ ನನ್ನನ್ನು ಎದುರಿಗೆ ಕೂಡಿಸಿಕೊಂಡು ಬುದ್ಧಿ ಹೇಳಿದ್ದಳು. “ಕಲ್ತಿ, ಚಲೋ ಆತು. ಇನ್ನ ಮ್ಯಾಲ ದಾರ್ಯಾಗ ಯಾರರ ಶರಣು ಅಂದ್ರ ಸುಮ್ಮ ತಲಿ ಅಳ್ಳಾಡ್ಸಿ ಹೋಗಬ್ಯಾಡ. ಬಾಯಿ ತಗದು ಶರಣ್ರಿ ಅನ್ನು. ಹಿರ್ಯಾರು ಇದ್ರ ಬಾಯಾಗಿನ ಎಲಿ-ಅಡಿಕಿ ತಗದು ಅನ್ನು. ಇಲ್ಲಾಂದ್ರ ಹಮಾಲ್ರ ಮಗಗ ಕಲ್ತ ಮ್ಯಾಲ ಸೊಕ್ಕು ಬಂತು ಅಂತಾರ.”

ಆ ಮಾತು ನನ್ನ ಎಲುಬಿಗೆ ಇಳಿದಿದೆ. ಹಲ್ಲುಜ್ಜುವಾಗ ಯಾರಾದರೂ ಶರಣು ಅಂದರೆ ಬ್ರಷ್ ತೆಗೆದು ಶರಣು ಅನ್ನುತ್ತೇನೆ. ಕ್ಷೌರದವನ ಕತ್ತಿ ಗಂಟಲ ಮೇಲಿದ್ದಾಗಲೂ ಅಂದಿದ್ದೇನೆ. ಗಾಯದ ಗುರುತು ಇನ್ನೂ ಇದೆ. ಒಮ್ಮೆ ದವಾಖಾನೆಯಲ್ಲಿ ನಾಲಿಗೆಯ ಕೆಳಗಿನ ಥರ್ಮಾಮೀಟರ್ ತೆಗೆದು ಕಾಂಪೌಂಡರ್‌ಗೆ ಶರಣು ಹೇಳಿದ್ದರಿಂದ ನನ್ನ ಜ್ವರ ಎಷ್ಟೆಂಬುದು ಕೊನೆಗೂ ಗೊತ್ತಾಗಲಿಲ್ಲ. ಸೊಕ್ಕಿನವನು ಅನ್ನಿಸಿಕೊಳ್ಳುವುದಕ್ಕಿಂತ ಜ್ವರ ವಾಸಿ!

ಮುರುಡೇಶ್ವರದಲ್ಲಿ ಇಳಿದು ದಂಡೆಗೆ ಹೋದೆವು. ಸಾವಿತ್ರಿ ಮೊದಲು ಮಾಡಿದ ಕೆಲಸ, ಬೆರಳದ್ದಿ ನೆಕ್ಕಿದ್ದು.

“ರೀ! ಉಪ್ಪ ಐತ್ರಿ!”

“ನಾ ಹೇಳಿರಲಿಲ್ಲೇನು?” ಅಂದೆ ಗಂಭೀರವಾಗಿ.

ಆಮೇಲೆ ಗಂಗವ್ವನಿಗೆ ಉಡಿ ತುಂಬದೆ ನೀರಿಗೆ ಕಾಲಿಡುವುದಿಲ್ಲ ಅಂದಳು. ಊರಿಂದ ತಂದ ಖಣ, ಅಕ್ಕಿ, ಅರಿಷಿಣ, ಕುಂಕುಮ, ತೆಂಗಿನಕಾಯಿ ಎಲ್ಲ ನೀರಿಗೆ ಬಿಟ್ಟು ಕೈ ಮುಗಿದೆವು. ಮರುತೆರೆಯಲ್ಲೇ ತೆಂಗಿನಕಾಯಿ ವಾಪಸು ಬಂದು ನನ್ನ ಕಾಲಿನ ಹೆಬ್ಬೆರಳಿಗೆ ಬಡಿಯಿತು.

“ಗಂಗವ್ವ ಪ್ರಸಾದ ಕೊಟ್ಲು!” ಅಂದಳು ಸಾವಿತ್ರಿ ಸಂತೋಷದಿಂದ.

ನಾನು ಕುಂಟುತ್ತ ಹಾರಲು ಹೋದೆ.

ಹಾರಿಸುವವರು ನಮ್ಮಿಬ್ಬರನ್ನೂ ಪಟ್ಟಿ ಬಿಗಿದು, ದೊಡ್ಡ ಛತ್ರಿಗೆ ಕಟ್ಟಿ, ಛತ್ರಿಯನ್ನು ಹಗ್ಗದಿಂದ ಬೋಟಿಗೆ ಕಟ್ಟಿದರು. ಬೋಟು ಓಡಿತು. ನಾವು ಎದ್ದೆವು. ನಾನು ಕಣ್ಣು ಮುಚ್ಚಿದೆ. ಆಮೇಲಿನ ಆಕಾಶಯಾತ್ರೆಯ ವಿವರಗಳಿಗೆಲ್ಲ ಸಾವಿತ್ರಿಯೇ ಆಧಾರ.

“ರೀ, ಬೋಟು ಅಗಸಿ ಕಾಳಿನಷ್ಟು ಆಗೈತ್ರಿ! ರೀ, ಶಿವನ ನೆತ್ತಿ ಕಾಣಾಕತ್ತೈತ್ರಿ! ಅಯ್ಯ, ನೀವು ಕಣ್ಣು ಮುಚ್ಚೀರಲ್ಲ?”

“ದೇವರ ನೆತ್ತಿ ಮ್ಯಾಲ ನಿಂತು ನೋಡಬಾರದು,” ಅಂದೆ. “ಭಕ್ತಿಯಿಂದ ಮುಚ್ಚೇನಿ.”

“ಹಂಗಾರ ಈ ಕಡಿ ಸಮುದ್ರ ನೋಡ್ರಿ. ಇಲ್ಲಿ ದೇವರಿಲ್ಲ.”

“ಅದನ್ನ ನಕಾಶೆದಾಗ ನೋಡೇನಿ!”

ಗಾಳಿಯಲ್ಲಿ ಅವಳ ಇಳಕಲ್ ಸೀರೆಯ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ಕಚ್ಚೆ ಹಾಕಿ ಬಿಗಿದು ಕೂತಿದ್ದ ಅವಳು ಇಂಗಳೇಶ್ವರದ ಎತ್ತಿನ ಗಾಡಿಯಲ್ಲಿ ಕೂತಷ್ಟು ಆರಾಮಾಗಿದ್ದಳು. ನನ್ನ ಎರಡೂ ಕೈ ಪಟ್ಟಿಯನ್ನು ಹಿಡಿದದ್ದು ಎಷ್ಟು ಗಟ್ಟಿ ಎಂದರೆ ಆಮೇಲೆ ಬೆರಳು ಬಿಡಿಸಲು ಇಬ್ಬರು ಬೇಕಾದರು. ಆದರೆ ನಡುವೆ ಒಂದು ಘಟನೆ ನಡೆಯಿತು.

“ರೀ, ಕೆಳಗ ಮೀನಿನ ಬೋಟಿನ್ಯಾಗ ಯಾರೋ ಅಜ್ಜಾರು ನಿಮಗ ಕೈ ಮುಗ್ಯಾಕತ್ತಾರ ನೋಡ್ರಿ!”

ಬಹುಶಃ ಆ ಅಜ್ಜ ಸೂರ್ಯನಿಗೆ ಮುಗಿದಿರಬೇಕು. ನನಗೆ ಅಷ್ಟೆಲ್ಲ ಯೋಚಿಸಲು ವ್ಯವಧಾನವೆಲ್ಲಿ? ಥಟ್ಟನೆ ಕಣ್ಣು ಬಿಟ್ಟೆ, ಎರಡೂ ಕೈ ಬಿಟ್ಟು ಜೋಡಿಸಿ, ಬಗ್ಗಿ “ಶರಣ್ರೀ!” ಅಂದೆ. ಬಗ್ಗಿದ್ದಕ್ಕೆ ಪಟ್ಟಿ ವಾಲಿತು. ವಾಲಿದ್ದಕ್ಕೆ ಕೆಳಗಿನದೆಲ್ಲ ಒಮ್ಮೆಲೇ ಕಂಡಿತು. ಆಗ ನಾನು “ಯವ್ವಾ!” ಅಂತ ಕೂಗಿದ್ದು ದಂಡೆಯವರೆಗೂ ಕೇಳಿಸಿ, ಚುರುಮುರಿ ಮಾರುವವನು ಕೈ ನಿಲ್ಲಿಸಿ ಮೇಲೆ ನೋಡಿದನಂತೆ.

“ನಿಮ್ಮ ಮರ್ಯಾದಿ ಗಾಳ್ಯಾಗೂ ಬಿಡಂಗಿಲ್ಲಲ್ರಿ!” ಅಂತ ಸಾವಿತ್ರಿ ಬಿದ್ದು ಬಿದ್ದು ನಕ್ಕಳು. ಬೀಳಲು ಜಾಗವಿಲ್ಲದಲ್ಲಿ!

ಇದು ಎಚ್ಚರಿಕೆ ಅಂತ ನಾನು ತಿಳಿದುಕೊಳ್ಳಬೇಕಿತ್ತು. ತಿಳಿದುಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ನೇತ್ರಾಣಿಗೆ ಹೊರಟ ಬೋಟಿನಲ್ಲಿ ನಮ್ಮ ಜೊತೆ ಇನ್ನೂ ಹಲವರಿದ್ದರು. ತೆರೆಗೆ ಬೋಟು ತೊಟ್ಟಿಲಾಡಿತು. ಹೊಟ್ಟೆಯಲ್ಲಿದ್ದ ರೊಟ್ಟಿ ಎದ್ದು ನಿಂತಿತು. ನಾನು ಬಾಯಿ ಮುಚ್ಚಿ ಕೂತಿದ್ದಾಗ ಪಕ್ಕದಿಂದ ಒಂದು ಕೈ ಬಂದು ಮೂಗಿನ ಹತ್ತಿರ ಲಿಂಬೆಹಣ್ಣು ಹಿಡಿಯಿತು.

“ಮೂಸ್ರಿ. ನಮ್ಮ ಕಡೀದು. ಅರ್ಧ ಸಮುದ್ರ ಇದರಾಗ ಶಾಂತ ಆಗ್ತೈತಿ.”

ಆ ಮಾತು ಕೇಳಿ ನನ್ನ ಕಿವಿ ಅರಳಿತು. “ಯಾವೂರ್ರಿ?”

“ಝಳಕಿ. ಇಂಡಿ ತಾಲೂಕು. ನೀವು?”

“ಸಿಂದಗಿ ಕಡ್ಯಾಂವ್ರಿ. ಈಗ ಮುದ್ದೇಬಿಹಾಳದಾಗ ಮಾಸ್ತರ.”

ಅವರೇ ರಾಜೇಸಾಬ ಕಾಕಾ. ಲಿಂಬೆಹಣ್ಣಿನ ವ್ಯಾಪಾರಿ. ನನಗಿಂತ ಹತ್ತು ವರ್ಷ ಹಿರಿಯರು. ಮಗ ಸೊಸೆಯನ್ನು ತಿರುಗಾಡಿಸಲು ಕರೆತಂದಿದ್ದ, ಜೊತೆಗೆ ಅಪ್ಪನನ್ನೂ. ಸೊಸೆಗೆ ಬೋಟಿನಲ್ಲಿ ವಾಂತಿ ಶುರುವಾಗಿತ್ತು. ಮಗ ಅವಳನ್ನು ಬಿಟ್ಟು ಏಳುವಂತಿರಲಿಲ್ಲ.

“ಅವನ ಟಿಕೀಟು ಯಾಕ ಹಾಳ ಮಾಡೂದು ಅಂತ ನಾ ಇಳ್ಯಾಕತ್ತೇನಿ ಮಾಸ್ತರ್ರ,” ಅಂದರು ಕಾಕಾ. ಸಮುದ್ರದ ತಳಕ್ಕೆ ಹೋಗಲು ಇದಕ್ಕಿಂತ ಬಲವಾದ ಕಾರಣ ನಾನು ಕೇಳಿಲ್ಲ. ಇಬ್ಬರಿಗೂ ಒಮ್ಮೆಲೇ ತವರು ಸಿಕ್ಕಂತಾಯಿತು. ಲಿಂಬೆಯ ದರದಿಂದ ಹಿಡಿದು ಝಳಕಿ ರಸ್ತೆಯ ಚಹಾದವರೆಗೆ ಮಾತಾಡಿದೆವು.

ಕಲಿಸುವವನು ಕರಾವಳಿಯ ತರುಣ. ಕೈಸನ್ನೆಗಳನ್ನು ತೋರಿಸಿದ. “ಎಲ್ಲಕ್ಕಿಂತ ಮುಖ್ಯದ್ದು ಒಂದೇ ಮಾರಾಯ್ರೆ. ಏನೇ ಆಗ್ಲಿ, ಬಾಯಿಂದ ಕೊಳವೆ ತೆಗೀಬೇಡಿ. ತೆಗೆದ್ರೆ ಮೇಲೆ ತರ್ಬೇಕಾಗ್ತದೆ. ಮೇಲೆ ಬಂದ್ರೆ ಸರ್ಟಿಫಿಕೇಟ್ ಇಲ್ಲ.”

“ಕೇಳಿದೇನು ಸಾವಿತ್ರಿ?” ಅಂದೆ.

“ನಿಮಗೂ ಹೇಳಿದ್ರು,” ಅಂದಳು.

ಕರಿ ರಬ್ಬರಿನ ಅಂಗಿ ತೊಡಿಸಿದರು. ನಾನು ಎಣ್ಣೆಗಾಯಿಗೆ ತಯಾರಾದ ಬದನೆಕಾಯಿಯಂತೆ ಕಂಡೆ. ಸಾವಿತ್ರಿ ನಾಚಿ ಅದರ ಮೇಲೊಂದು ಟವೆಲ್ಲು ಹೊದ್ದು, ತಾಳಿಯನ್ನು ಒಳಗೆ ಸೇರಿಸಿಕೊಂಡಳು. ನಾನು ಗಾಜಿನ ಮುಖವಾಡ ಹಾಕಿಕೊಂಡು ನೀರಿಗೆ ಮುಖ ಅದ್ದಿ ನೋಡಿದರೆ ಅದರೊಳಗೆ ನೀರು ಬರತೊಡಗಿತು. ಕಾರಣ ಮೀಸೆ! ಆ ತರುಣ ಒಂದು ಡಬ್ಬಿ ವ್ಯಾಸಲೀನ್ ತಂದು, ಮುದ್ದೇಬಿಹಾಳದ ಎಷ್ಟೋ ಮಕ್ಕಳು ಹೆದರುವ ನನ್ನ ಮೀಸೆಗೆ ದೋಸೆ ಹಂಚಿಗೆ ಎಣ್ಣೆ ಸವರಿದಂತೆ ಸವರಿದ. ಕಾಕಾ ನೋಡಿ, “ಮಾಸ್ತರ್ರ, ಮೀನು ಜಾರಿ ಬಿದ್ದಾವು!” ಅಂದರು.

ಇಳಿದೆವು. ಸಾವಿತ್ರಿಯ ಕೈ ಹಿಡಿದು ಒಬ್ಬ ಹೆಣ್ಣುಮಗಳು, ನನ್ನ ಕೈ ಹಿಡಿದು ಆ ತರುಣ, ಕಾಕಾನ ಜೊತೆ ಇನ್ನೊಬ್ಬ.

ಒಳಗಿನದನ್ನು ಹೇಗೆ ಹೇಳಲಿ? ಸದ್ದಿಲ್ಲ. ನನ್ನ ಉಸಿರು ಮಾತ್ರ ಗುಳುಗುಳು. ಹಳದಿ ಪಟ್ಟೆಯ ಮೀನುಗಳು ಶಾಲೆ ಬಿಟ್ಟ ಮಕ್ಕಳಂತೆ ನುಗ್ಗಿ ಬಂದು, ನನ್ನನ್ನು ನೋಡಿ, ಮಾಸ್ತರ ಅಂತ ತಿಳಿದೋ ಏನೋ ಸಾಲಾಗಿ ಹೋದವು. ಸ್ವಲ್ಪ ದೂರದಲ್ಲಿ ಸಾವಿತ್ರಿ ತಳದ ಬಂಡೆಯ ಹತ್ತಿರ ತೇಲುತ್ತಿದ್ದಳು. ಅವಳ ಜಡೆ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ಕೈಯನ್ನು ಮೀನಿನ ಮುಂದೆ ಹಿಡಿದು ಅಲುಗಾಡದೆ ಕಾಯುತ್ತಿದ್ದಳು. ಬಾಯಿ ಮುಚ್ಚಿಯೇ ಇತ್ತು! ಸುಮ್ಮನಿರುವ ಸಾವಿತ್ರಿಯನ್ನು ನೋಡಲು ಸಮುದ್ರದ ತಳಕ್ಕೇ ಬರಬೇಕಾಯಿತಲ್ಲ ಅಂತ ಆನಂದವಾಯಿತು. ನನಗೂ ಧೈರ್ಯ ಬಂತು. ಸರ್ಟಿಫಿಕೇಟು ಕೈಗೆ ಬಂದಂತೆಯೇ. ಅತ್ತಿಯ ಮುಂದೆ ಏನು ಭಾಷಣ ಮಾಡಬೇಕು ಅಂತ ಮನಸ್ಸಿನಲ್ಲೇ ಮೊದಲ ವಾಕ್ಯ ಬರೆದೆ.

ಆಗ ಎದುರಿನಿಂದ ಲಿಂಬೆಯ ಚೀಲ ತೇಲಿಬಂದಂತೆ ನಿಧಾನಕ್ಕೆ ಬಂದರು ರಾಜೇಸಾಬ ಕಾಕಾ.

ನನ್ನನ್ನು ನೋಡಿದರು. ಗುರುತು ಹಿಡಿದರು. ಪರದೇಶದ ನೀರಿನಲ್ಲಿ ನಮ್ಮ ಕಡೆಯವ! ಅವರ ಬಲಗೈ ತಾನಾಗಿ ಹಣೆಗೆ ಎದ್ದಿತು. ಸಲಾಂ!

ಹಿರಿಯರು. ಅವರೇ ಮೊದಲು ಸಲಾಂ ಮಾಡಿದ್ದಾರೆ. ನನ್ನ ಬಾಯಲ್ಲಿ ಕೊಳವೆ! ಹಿರಿಯರ ಎದುರು ಬಾಯಲ್ಲಿ ಏನನ್ನೋ ಇಟ್ಟುಕೊಂಡು, ಸುಮ್ಮನೆ ತಲೆ ಅಲ್ಲಾಡಿಸಿ ಹೋಗಲೇ? ನಾಳೆ ಝಳಕಿಯಲ್ಲಿ ಏನಂದಾರು? ‘ಸಮುದ್ರದಾಗ ಆ ಮಾಸ್ತರ ಭೆಟ್ಟಿ ಆಗಿದ್ದ. ಕಲ್ತಾಂವ ಅಂತ ಭಾಳ ಸೊಕ್ಕು.’

ನಾನು ಬಲಗೈಯಿಂದ ಕೊಳವೆಯನ್ನು ಬಾಯಿಂದ ಗೌರವಪೂರ್ವಕವಾಗಿ ತೆಗೆದೆ.

“ಶರಣ್ರಿ ಕಾಕಾ!” ಅಂದೆ.

ಅಂದದ್ದು ನನಗೆ ಮಾತ್ರ ಗೊತ್ತು. ಹೊರಗೆ ಬಂದದ್ದು ಒಂದು ದೊಡ್ಡ ಗುಳ್ಳೆ. ಒಳಗೆ ಹೋದದ್ದು ಅರಬ್ಬೀ ಸಮುದ್ರ. ಉಪ್ಪಿರುತ್ತದೆ ಎಂಬುದಕ್ಕೆ ಈಗ ಸ್ವಾನುಭವದ ಆಧಾರವಿದೆ!

ಅತ್ತ ಕಾಕಾ ಹಣೆಗೆ ಕೈ ಒಯ್ಯುವ ಭರದಲ್ಲಿ ತಮ್ಮ ಮುಖವಾಡಕ್ಕೇ ಹೊಡೆದುಕೊಂಡಿದ್ದರು. ಅದರೊಳಗೆ ನೀರು ತುಂಬಿ ಅವರೂ ಕೈಕಾಲು ಬಡಿಯುತ್ತಿದ್ದರು. ತರುಣ ನನ್ನ ಬಾಯಿಗೆ ಕೊಳವೆ ತುರುಕಿ ಕುತ್ತಿಗೆಪಟ್ಟಿ ಹಿಡಿದು ಮೇಲಕ್ಕೆ ಒಯ್ದ. ಕಾಕಾನನ್ನು ಅವರ ಜೊತೆಗಾರ ಎಳೆದು ತಂದ. ಇಬ್ಬರೂ ಎರಡು ಸೋರೆಕಾಯಿಗಳಂತೆ ಒಂದೇ ಹೊತ್ತಿಗೆ ಮೇಲೆ ಎದ್ದೆವು. ಕೆಮ್ಮಿದೆವು. ಉಗುಳಿದೆವು.

“ಸಲಾಂ ಮಾಸ್ತರ್ರ,” ಅಂದರು ಕಾಕಾ ಉಸಿರು ಬಂದ ಕೂಡಲೇ.

“ಶರಣ್ರಿ ಕಾಕಾ,” ಅಂದೆ.

ತಳದಲ್ಲಿ ಉಳಿದ ಮಾತನ್ನು ಮೇಲೆ ಪೂರ್ತಿ ಮಾಡಿದೆವು. ಬೋಟಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ತರುಣ ತಲೆ ಮೇಲೆ ಕೈ ಇಟ್ಟುಕೊಂಡ.

“ಮೀನು ನೋಡಿ ಹೆದರಿ ಬಂದವ್ರನ್ನ ಕಂಡಿದ್ದೆ. ಕಿವಿ ನೋವು ಅಂತ ಬಂದವ್ರನ್ನ ಕಂಡಿದ್ದೆ. ಮರ್ಯಾದೆ ಕೊಡ್ಲಿಕ್ಕೆ ಹೋಗಿ ಮೇಲೆ ಬಂದವ್ರನ್ನ ಇವತ್ತೇ ಕಂಡದ್ದು ಮಾರಾಯ್ರೆ!”

ಬೋಟಿಗೆ ಹತ್ತಿಸಿದರು. ಕಾಕಾ ಒಂದು ಮೂಲೆಯಲ್ಲಿ ಸೊಸೆಯ ಪಕ್ಕದಲ್ಲೇ ಕೂತು ವಾಂತಿ ಮಾಡಿಕೊಂಡರು. ಅವರ ಜೊತೆಗಾರ ಅವರ ಬೆನ್ನು ನೀವುತ್ತ ಕೂತ. ನಾನು ಮೆಲ್ಲಗೆ ತರುಣನನ್ನು ಕೇಳಿದೆ, “ಇನ್ನೊಮ್ಮೆ ಇಳ್ಯಾಕ ಬರ್ತೈತೇನು ತಮ್ಮಾ?”

ಅವನು ಒಳ್ಳೆಯವನು. ಯೋಚಿಸಿ ಹೇಳಿದ, “ಇಳಿಸ್ಬಹುದು. ಆದ್ರೆ ಒಮ್ಮೆ ಕೊಳವೆ ತೆಗೆದವ್ರ ಜೊತೆಗೆ ಇಬ್ರು ಇರ್ಬೇಕು, ನಮ್ಮ ನಿಯಮ. ಇವ ಕಾಕಾನ ಹತ್ರ ಕೂತಿದ್ದಾನೆ. ಇನ್ನುಳಿದದ್ದು ನಿಮ್ಮ ಹೆಂಡ್ತಿ ಜೊತೆಗಿರೋ ಅಕ್ಕ ಒಬ್ಬಳೇ. ಗಾಳಿ ಬೇರೆ ಏಳ್ತಾ ಉಂಟು, ಕಾಯ್ಲಿಕ್ಕೆ ಆಗೋದಿಲ್ಲ. ನಿಮ್ಮನ್ನ ಇಳಿಸ್ಬೇಕಾದ್ರೆ ಅವ್ರನ್ನ ಈಗಲೇ ಮೇಲೆ ಕರೀಬೇಕು. ಅವ್ರ ಹೊತ್ತು ಇನ್ನೂ ಮುಗೀಲಿಲ್ಲ. ಸರ್ಟಿಫಿಕೇಟ್ ನಿಮಗೆ ಬರ್ತದೆ, ಅವ್ರಿಗೆ ಬರೋದಿಲ್ಲ. ಕರೀಲಾ?”

ನಾನು ನೀರು ನೋಡಿದೆ. ಸ್ವಲ್ಪ ದೂರದಲ್ಲಿ ಗುಳ್ಳೆಗಳು ಏಳುತ್ತಿದ್ದವು. ಅವಸರವಿಲ್ಲದ, ಒಂದೇ ಸಮದ ಗುಳ್ಳೆಗಳು. ರೊಟ್ಟಿ ಹಂಚಿನ ಮೇಲೆ ಉಬ್ಬುವ ಹಾಗೆ. ಸಾವಿತ್ರಿಯವು.

‘ನನ್ನ ಹೆಸರೀಲೆ ಬ್ಯಾರೆ?’ ಅಂತ ಶೇಂಗಾ ಹಿಡಿದು ಕೇಳಿದ್ದು ನೆನಪಾಯಿತು. ಆ ಗೋಡೆ ನೆನಪಾಯಿತು. ಪ್ರತಿ ಸೋಮವಾರ ಐದು ಗಾಜು ಒರೆಸುವ ಆ ಕೈ.

“ಬ್ಯಾಡೋ ತಮ್ಮಾ,” ಅಂದೆ. “ಆಕಿನ್ನ ಎಬ್ಬಿಸಬ್ಯಾಡ.”

ಇದನ್ನು ಮಹಾತ್ಯಾಗ ಅಂತ ಬರೆದು ಮುಗಿಸುವ ಆಸೆ ನನಗೂ ಇದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆ ಮಾತು ಆಡಿದ ಮರುಕ್ಷಣವೇ ನಾನೂ ಕಾಕಾನ ಪಕ್ಕಕ್ಕೆ ಓಡಿ ಬೋಟಿನ ಅಂಚಿಗೆ ಬಗ್ಗಿದೆ. ಕುಡಿದ ಸಮುದ್ರವನ್ನೆಲ್ಲ ಸಮುದ್ರಕ್ಕೇ ಒಪ್ಪಿಸಿದೆ. ಕಾಕಾ ಅಂಥ ಸ್ಥಿತಿಯಲ್ಲೂ ನನಗೊಂದು ಲಿಂಬೆಹಣ್ಣು ಚಾಚಿದರು.

ಪೂರ್ತಿ ಹೊತ್ತು ಮುಗಿಸಿ ಸಾವಿತ್ರಿ ಮೇಲೆ ಬಂದಳು. ಬಾಯಿಂದ ಕೊಳವೆ ತೆಗೆದಳು. ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಕಟ್ಟೆ ಒಡೆಯಿತು.

“ರೀ! ನೋಡಿದ್ರೇನ್ರಿ? ಹಳದೀದು ನನ್ನ ಕೈಯಾಗಿನ ಬಳಿ ಮೂಸಿ ನೋಡ್ತು! ಒಂದು ಆಮಿ ಬಂತು, ನಮ್ಮ ಅತ್ತ್ಯಾರಂಗ ನನ್ನ ಮ್ಯಾಲಿಂದ ಕೆಳಗ ನೋಡಿ ಹೋತು! ನೀವು ಹಿಂದ ಅದೀರಿ ಅಂತ ನಾ ಹೊಳ್ಳೇ ನೋಡ್ಲಿಲ್ಲ… ಅಯ್ಯ, ನೀವ್ಯಾಕ ಮೊದಲ ಬಂದ್ರಿ?”

ನಾನು ಕಾಕಾನ ಮುಖ ನೋಡಿದೆ. ಕಾಕಾ ನನ್ನ ಮುಖ ನೋಡಿದರು.

“ತಪ್ಪು ನಂದಬೇ ತಂಗಿ,” ಅಂದರು ಕಾಕಾ. “ನಾ ಸಲಾಂ ಮಾಡಿದೆ. ಇವ್ರು ಬಾಯಾಗಿಂದು ತಗದು ಶರಣು ಅಂದ್ರು.”

ಸಾವಿತ್ರಿ ಆ ಕರಿ ರಬ್ಬರಿನ ಅಂಗಿಯಲ್ಲೇ ಬೋಟಿನ ಹಲಗೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕಾ ನಕ್ಕರು, ವಾಂತಿಯ ಸೊಸೆಯೂ ನಕ್ಕಳು. ನಗು ನಿಂತ ಮೇಲೆ ಸಾವಿತ್ರಿಗೆ ಇನ್ನೊಂದು ಹೊಳೆಯಿತು. ದನಿ ಇಳಿಯಿತು.

“ಹಂಗಾರ ನಿಮಗ ಸರ್ಟಿಫಿಕೇಟ್ ಇಲ್ಲೇನ್ರಿ?”

“ನನ್ನವು ಐದು ಅದಾವಲ್ಲ,” ಅಂದೆ.

ದಂಡೆಗೆ ಬಂದ ಮೇಲೆ, ಸಾವಿತ್ರಿಯ ಕೈ ಹಿಡಿದು ಇಳಿದಿದ್ದ ಆ ಅಕ್ಕ ಸರ್ಟಿಫಿಕೇಟಿಗೆ ಬರೆಯಲು ಹೆಸರು ಕೇಳಿದಳು. ಸಾವಿತ್ರಿ ನಿಧಾನವಾಗಿ, ಪರೀಕ್ಷೆಯ ಹಾಲಿನಲ್ಲಿ ನಿಂತವಳಂತೆ, ತನ್ನ ಹೆಸರು ಹೇಳಿದಳು. ನಮ್ಮ ಕಡೆ ಹೆಂಗಸರ ಹೆಸರಿನ ನಡುವೆ ಗಂಡನ ಹೆಸರಿರುತ್ತದೆ. ಅವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವವಳಲ್ಲ. ನನ್ನ ಕಡೆ ನೋಡಿದಳು. ನಾನೇ ಹೇಳಿದೆ, “ಮಲ್ಲಪ್ಪ.”

“ನೋಡ್ರಿ, ನಿಮ್ಮ ಹೆಸರೂ ಬಂತು!” ಅಂತ ಕಾಕಾ ನನ್ನ ಬೆನ್ನು ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಸಾವಿತ್ರಿ ಆ ಹಾಳೆಯನ್ನು ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟು, ಆ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹುಬ್ಬಳ್ಳಿಯಲ್ಲಿ ಒಮ್ಮೆ, ಬಾಗಲಕೋಟೆಯಲ್ಲಿ ಒಮ್ಮೆ ತೆಗೆದು ಓದಿದಳು. ಹೆಸರಿನ ಕೆಳಗೆ ಬೆರಳು ಇಟ್ಟು, ಅಕ್ಷರ ಅಕ್ಷರ. ನಾನು ನಿದ್ದೆ ಬಂದವನಂತೆ ನಟಿಸಿದೆ.

ಮನೆಗೆ ಬಂದಾಗ ನೀಲವ್ವತ್ತಿ ಪಡಸಾಲೆಯಲ್ಲಿ ಕೂತಿದ್ದಳು. ಡ್ರಮ್ಮು ತೊಳೆದು ಬೋರಲು ಹಾಕಿದ್ದಳು.

“ಬಂದ್ರೇನು? ಆತೇನು ನಿಮ್ಮ ಸಮುದ್ರ?”

ಸಾವಿತ್ರಿ ಬಗ್ಗಿ ಅತ್ತಿಯ ಕಾಲು ಮುಟ್ಟಿ, ಹಾಳೆಯನ್ನು ಅವಳ ಕೈಗೆ ಕೊಟ್ಟಳು. ಅತ್ತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಹೆಬ್ಬೆರಳು ಮೂಲೆಯಿಂದ ಮೂಲೆಗೆ ಹೋಯಿತು. ಕೆಳಗೆ ಬಲಗಡೆ ದುಂಡಗೆ, ನಡುವೆ ಮೀನಿನ ಚಿತ್ರವಿದ್ದ ಮುದ್ರೆಯ ಮೇಲೆ ನಿಂತಿತು.

“ಶಿಕ್ಕಾ ಐತಿ,” ಅಂದಳು. “ಯಾರದಿದು?”

“ನಂದ್ರಿ ಅತ್ತಿ,” ಅಂದಳು ಸಾವಿತ್ರಿ. ದನಿ ಸಣ್ಣಗಿತ್ತು.

ಅತ್ತಿ ನನ್ನ ಕಡೆ ತಿರುಗಿದಳು. “ನಿಂದೆಲ್ಲಿ?”

ನಾನು ಗಂಟಲು ಸರಿಮಾಡಿಕೊಂಡೆ. ಹಿರಿಯರಿಗೆ ಗೌರವ, ಪದವೀಧರನ ನಮ್ರತೆ, ಅತ್ತಿಯೇ ಕಲಿಸಿದ ಸಂಸ್ಕಾರ, ಇವೆಲ್ಲವನ್ನೂ ಸೇರಿಸಿ, ಸಮಾಧಾನಕರ ಬಹುಮಾನ ಬಂದ ನನ್ನ ಭಾಷಣ ಕಲೆಯನ್ನೆಲ್ಲ ಬಳಸಿ, ನಡೆದದ್ದನ್ನು ವಿವರಿಸಿದೆ. ಕೊನೆಗೆ, “ಮತ್ತ ಆ ಹಾಳ್ಯಾಗ ನನ್ನ ಹೆಸರೂ ಐತಿ ಅತ್ತಿ, ನಡುವ!” ಅಂತ ಬೆರಳಿಟ್ಟು ತೋರಿಸಿದೆ.

ಅತ್ತಿ ಎಲ್ಲ ಕೇಳಿದಳು. ಬಹಳ ಹೊತ್ತು ಸಾವಿತ್ರಿಯ ಮುಖ ನೋಡಿದಳು. ಆಮೇಲೆ ಗೋಡೆ ನೋಡಿದಳು. ನನ್ನ ಐದು ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡುತ್ತ ಬಂದು, ನಡುವಿನದರ ಮೇಲೆ ಕಣ್ಣು ನಿಲ್ಲಿಸಿದಳು.

“ಮಲ್ಲ್ಯಾ,” ಅಂದಳು, “ಆ ಬಿ.ಎ. ಇಳಸು. ಅದರ ಮೊಳಿ ಗಟ್ಟಿ ಐತಿ.”